ಪಾದ್ರಿಗಳ ಶಾಲೆ, ಉಪದೇಶಿಯ ಪಾಟಿ

ಕೊಪ್ಪಳದ ಬೀದಿಯಲ್ಲಿ ಬೆಳಗಿನ ಹೊತ್ತು, ಕೊರಳಿಗೆ ಟೈ ಬಿಗಿದ ಮಗುವನ್ನು ಅವಸರದಿಂದ ನಡೆಸಿಕೊಂಡು ಹೋಗುವ ತಾಯಿಯನ್ನು ‘ಯಾವ ಸಾಲಿಗೆ ಹಾಕೀರಿ ಅಕ್ಕಾರ?’ ಎಂದು ಕೇಳಿ ನೋಡಿ. ‘ಕಾನ್ವೆಂಟಿಗೆ ಹಾಕೀವ್ರಿ’ ಎಂಬ ಉತ್ತರ ಬರುವುದು ಹೆಚ್ಚು. ಆ ಕಾನ್ವೆಂಟನ್ನು ನಡೆಸುವವರು ಒಬ್ಬ ವರ್ತಕರಿರಬಹುದು, ಒಂದು ಮಠವಿರಬಹುದು, ನಿವೃತ್ತ ಮಾಸ್ತರರ ಒಂದು ಮಂಡಳಿಯಿರಬಹುದು. ಅಲ್ಲಿ ಒಬ್ಬಳಾದರೂ ಕ್ರೈಸ್ತ ಸನ್ಯಾಸಿನಿ ಇರಬೇಕೆಂಬ ನಿಯಮವಿಲ್ಲ. ಯೂರೋಪಿನಲ್ಲಿ ಸನ್ಯಾಸಿನಿಯರ ಮಠಕ್ಕಿದ್ದ ಹೆಸರು ನಮ್ಮ ಎರೆಯ ಸೀಮೆಯಲ್ಲಿ ಇಂಗ್ಲಿಷ್ ಕಲಿಸುವ ಶಿಶುಶಾಲೆಗೆ ಅಂಟಿಕೊಂಡಿತು. ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳಲ್ಲಿಯೂ ಇದೇ ಮಾತು, ಇದೇ ಅರ್ಥ.

ಮಾತು ಹೀಗೆ ದಾರಿ ತಪ್ಪಿದ್ದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಮಾತಿನ ಸ್ವಭಾವವೇ ಅಂಥದು. ಆದರೆ ಅದರಿಂದ ಒಂದು ಚರಿತ್ರೆ ಮರೆಯಾಯಿತು. ಕಥೋಲಿಕ ಪಾದ್ರಿಗಳ ಪ್ರಾಥಮಿಕ ಶಾಲೆಯೆಂದರೆ ಇಂಗ್ಲಿಷ್ ಶಾಲೆ ಎಂಬ ಭಾವನೆ ಆ ಚರಿತ್ರೆಯ ಕೊನೆಯ ಅಧ್ಯಾಯವನ್ನಷ್ಟೇ ಓದಿದವರದು. ಅದರ ಮೊದಲಿನ ಅಧ್ಯಾಯಗಳಲ್ಲಿ ಇಂಗ್ಲಿಷ್ ಇಲ್ಲ, ಟೈ ಇಲ್ಲ, ಗೋಡೆಯ ಗಡಿಯಾರವೂ ಇಲ್ಲ. ಗುಡಿಯ ಮಗ್ಗುಲಿಗೆ ಒಂದು ಮಾಡು, ಒಂದಿಷ್ಟು ಹುಡುಗರು, ಕನ್ನಡದಲ್ಲಿ ಜಪವನ್ನೂ ಕಾಗುಣಿತವನ್ನೂ ಹೇಳಿಕೊಡುವ ಒಬ್ಬ ಗೃಹಸ್ಥ, ಇಷ್ಟೇ. ಆ ಗೃಹಸ್ಥನಿಗೆ ‘ಉಪದೇಶಿ’ ಎಂದು ಹೆಸರು. ಇಂದಿನ ಮಾತೆಲ್ಲ ಹೆಚ್ಚಾಗಿ ಅವನನ್ನು ಕುರಿತದ್ದು.

ಆದರೆ ಅವನಿಗೂ ಮೊದಲು ನಮ್ಮ ಹಳ್ಳಿಯ ಐಗಳ ಶಾಲೆಯನ್ನು ನೆನೆಯಬೇಕು. ತುಂಗಭದ್ರೆಯ ಆಚೆಯ ದಡದ ಬಳ್ಳಾರಿ ಜಿಲ್ಲೆಯ ಬಗ್ಗೆ ಒಂದು ಅಪರೂಪದ ದಾಖಲೆ ನಮಗೆ ಉಳಿದಿದೆ. ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಕಲೆಕ್ಟರುಗಳಿಗೆಲ್ಲ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಭಾಷೆ ಬಲ್ಲವನು. ತೆಲುಗಿಗೆ ಒಂದು ವ್ಯಾಕರಣ ಬರೆದವನು. ಅವನು 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯಂತೆ ಜಿಲ್ಲೆಯಲ್ಲಿದ್ದ ಶಾಲೆಗಳು 533, ಓದುವ ಮಕ್ಕಳು 6,641. ಕನ್ನಡದ ಶಾಲೆಗಳು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಹೆಣ್ಣುಮಕ್ಕಳು ಎಲ್ಲ ಸೇರಿ ಅರವತ್ತು. ಒಂಬತ್ತು ಲಕ್ಷಕ್ಕೂ ಮೀರಿದ ಜನವಿದ್ದ ಜಿಲ್ಲೆ ಅದು.

ಲೆಕ್ಕಕ್ಕಿಂತ ಅವನ ವರ್ಣನೆ ಸೊಗಸು. ಹುಡುಗರು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಾರೆ. ಆಮೇಲೆ ಬಳಪ, ಕಡತ. ಮುಂದಿನ ಸಾಲಿನ ಹುಡುಗ ಹಿಂದಿನ ಸಾಲಿನವನಿಗೆ ಹೇಳಿಕೊಡುತ್ತಾನೆ. ಈ ಮಿತವ್ಯಯದ ಪದ್ಧತಿಯನ್ನು ಇಂಗ್ಲೆಂಡು ಅನುಕರಿಸಿದ್ದು ಯುಕ್ತವೇ ಆಯಿತೆಂದು ಕ್ಯಾಂಪ್‌ಬೆಲ್ ಮೆಚ್ಚಿ ಬರೆಯುತ್ತಾನೆ. ಮೆಚ್ಚಿದ ಕೈಯಿಂದಲೇ ದೋಷವನ್ನೂ ಬರೆಯುತ್ತಾನೆ: ಬಾಯಿಪಾಠ ಮಾಡುವ ಪದ್ಯಗಳ ಭಾಷೆ ಎಷ್ಟು ಹಳೆಯದೆಂದರೆ ಹೇಳುವವನಿಗೂ ಕೇಳುವವನಿಗೂ ಅದರ ಅರ್ಥ ದೂರ. ಶಾಲೆಗಳು ಮುಚ್ಚುತ್ತಿರುವುದಕ್ಕೆ ಅವನು ಕೊಡುವ ಕಾರಣ ಬಡತನ. ನಾಡಿನ ಹಣ ಹೊರಗೆ ಹರಿಯಿತು, ನೂಲು ನೇಯ್ಗೆ ಬಿದ್ದುಹೋಯಿತು, ಮಗುವಿನ ಕೈ ಗಟ್ಟಿಯಾಗುವ ಮೊದಲೇ ಅದಕ್ಕೆ ಕೂಲಿ ಬೇಕಾಯಿತು. ಕಂಪನಿಯ ಅಧಿಕಾರಿಯೊಬ್ಬ ಕಂಪನಿಗೆ ಬರೆದ ಕಾಗದದಲ್ಲಿ ಈ ಮಾತಿದೆ ಎಂಬುದನ್ನು ಗಮನಿಸಬೇಕು.

ಹೊಳೆಯ ಈಚೆಗೆ, ನಿಜಾಮರ ಸೀಮೆಯಲ್ಲಿ, ಇಂಥ ಲೆಕ್ಕವನ್ನು ಆಗ ಯಾರೂ ತೆಗೆಯಲಿಲ್ಲ. ಆದರೆ ಹೊಳೆ ಶಾಲೆಯ ರೀತಿಯನ್ನು ಬದಲಿಸುವುದಿಲ್ಲ. ಗಂಗಾವತಿಯ ಕಡೆಯ ಐಗಳೂ ಆನೆಗೊಂದಿಯ ಎದುರು ದಡದ ಐಗಳೂ ಹುಡುಗನ ಬೆರಳು ಹಿಡಿದು ಮೊದಲು ಬರೆಸುತ್ತಿದ್ದುದು ‘ಓನಾಮ’ವನ್ನೇ. ಅಕ್ಷರಾಭ್ಯಾಸಕ್ಕೆ ನಮ್ಮಲ್ಲಿ ‘ಓನಾಮ’ವೆಂಬ ಹೆಸರೇ ಬಿದ್ದಿತು. ಎಂದರೆ ದೇವರ ಹೆಸರಿನಿಂದ ಬಿಡಿಸಿಕೊಂಡ ಬರಿಯ ಅಕ್ಷರ ಎಂಬುದೊಂದು ಈ ಸೀಮೆಯ ಜನಕ್ಕೆ ಗೊತ್ತಿರಲಿಲ್ಲ. ಭಕ್ತಿಯೂ ಬರಹವೂ ಒಂದೇ ಹೊಸ್ತಿಲಿನಿಂದ ಒಳಗೆ ಬಂದವು. ಪಾದ್ರಿಗಳ ಶಾಲೆ ಈ ನೆಲದಲ್ಲಿ ಪರಕೀಯವಾಗಿ ಕಾಣದೆ ಹೋದದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ. ಅಲ್ಲಿಯೂ ಪಾಠಕ್ಕೆ ಮೊದಲು ಹಣೆ, ಎದೆ, ಭುಜಗಳಿಗೆ ಕೈ ಮುಟ್ಟಿಸಿ ಶಿಲುಬೆಯ ಗುರುತು. ಆಮೇಲೆ ಅ ಆ ಇ ಈ. ಕ್ರಮ ಹಳೆಯದೇ, ಹೆಸರು ಹೊಸದು.

ಕುಷ್ಟಗಿ ತಾಲೂಕಿನ ಗಡಿಯನ್ನು ಮೂಡಣಕ್ಕೆ ದಾಟಿದರೆ ಲಿಂಗಸುಗೂರು ತಾಲೂಕಿನ ಮುದಗಲ್ಲು. ಕೃಷ್ಣೆ ತುಂಗಭದ್ರೆಗಳ ನಡುವಿನ ದೋಆಬಿನ ಕೋಟೆಗಳಲ್ಲಿ ಅದರಷ್ಟು ಕೈ ಬದಲಿಸಿದ ಕೋಟೆ ಇನ್ನೊಂದಿರಲಾರದು. ಮುದಗಲ್ಲಿನ ಅಕ್ಕಸಾಲೆಯೊಬ್ಬನ ಮಗಳಿಗಾಗಿ 1406ರಲ್ಲಿ ಬಹಮನಿಯ ಫಿರೋಜಷಹನಿಗೂ ವಿಜಯನಗರದ ದೇವರಾಯನಿಗೂ ಯುದ್ಧವಾಯಿತೆಂದು ಫೆರಿಸ್ತಾ ರಸವತ್ತಾಗಿ ಬರೆಯುತ್ತಾನೆ. ನಂಬುವವರು ನಂಬಬಹುದು; ದೋಆಬಿನ ಕಪ್ಪು ಮಣ್ಣೇ ಸಾಕಷ್ಟು ಕಾರಣವಾಗಿತ್ತೆಂಬುದು ನನ್ನ ಎಣಿಕೆ. 1565ರ ರಕ್ಕಸತಂಗಡಿಯ ಕಾಳಗದ ಮೇಲೆ ಅದು ವಿಜಾಪುರದ ಆದಿಲಶಾಹಿಯದಾಗಿ ನಿಂತಿತು. ಇಂದು ಮುದಗಲ್ಲು ಹೆಸರಾಗಿರುವುದು ಹಿಂದೂ ಮುಸಲ್ಮಾನರು ಕೂಡಿ ನಡೆಸುವ ಮೊಹರಮ್ಮಿನಿಂದ. ಅದೇ ಊರಿನಲ್ಲಿ ಒಂದು ಹಳೆಯ ಕಥೋಲಿಕ ಸಮುದಾಯವೂ ಉಂಟು. ಅವರ ಹಿರಿಯರು ಗೋವೆಯಿಂದ ಬಂದ ಪಾದ್ರಿಗಳ ಬೋಧನೆಯಿಂದ ಆದಿಲಶಾಹಿಯ ಕಾಲದಲ್ಲಿ ಕ್ರೈಸ್ತರಾದವರು ಎಂಬ ಹೇಳಿಕೆ ಪರಂಪರೆಯಿಂದ ಬಂದದ್ದು. ಸಂತ ಫ್ರಾನ್ಸಿಸ್ ಝೇವಿಯರನ ಹೆಸರನ್ನೂ ಅದರೊಡನೆ ಸೇರಿಸಿ ಹೇಳುವುದುಂಟು. ಝೇವಿಯರ್ ತೀರಿಕೊಂಡದ್ದು 1552ರಲ್ಲಿ. ಅವನೇ ಈ ಕಡೆ ಬಂದನೆನ್ನುವುದಕ್ಕಿಂತ ಅವನ ಪರಂಪರೆಯ ಪಾದ್ರಿಗಳು ಬಂದರೆನ್ನುವುದು ಚರಿತ್ರೆಗೆ ಹತ್ತಿರದ ಮಾತು.

ಗೋವೆಯಲ್ಲಿ ಹಿಡಿತ ಪೋರ್ಚುಗೀಸರ ಕತ್ತಿಯದು. ವಿಜಾಪುರದ ಸೀಮೆಯಲ್ಲಿ ಪಾದ್ರಿಯ ಹಿಂದೆ ಕತ್ತಿಯಿರಲಿಲ್ಲ. ಅವನು ಪರರಾಜ್ಯದಲ್ಲಿ ಪರದೇಶಿ. ಗೋವೆಯ ಪಾದ್ರಿ ಆಜ್ಞೆ ಮಾಡಬಲ್ಲ, ಮುದಗಲ್ಲಿನ ಪಾದ್ರಿ ಒಲಿಸಿಕೊಳ್ಳಬೇಕು. ಒಲಿಸಿಕೊಳ್ಳುವವನಿಗೆ ಜನರ ಮಾತು ಬೇಕೇ ಬೇಕು. ಗೋವೆಯ ವೈಸರಾಯ್ 1684ರಲ್ಲಿ ಒಂದು ಆಜ್ಞೆ ಹೊರಡಿಸಿ, ಮೂರು ವರ್ಷದೊಳಗೆ ಜನ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನು ಆಡಬೇಕೆಂದು ವಿಧಿಸಿದ. ಆಡುಮಾತನ್ನು ಆಜ್ಞೆಯಿಂದ ಬಿಡಿಸಬಹುದೆಂದು ನಂಬಿದ ದೊರೆತನ ಅದು. ದೋಆಬಿನಲ್ಲಿ ಅಂಥ ಆಜ್ಞೆ ನಡೆಯುವಂತೆಯೇ ಇರಲಿಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿ ಮುಂದೆ ಹೋಗಬೇಕು. ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸನ ವ್ಯಾಕರಣ ಗೋವೆಯ ರಾಚೋಲಿನಲ್ಲಿ 1640ರಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲಿ ‘ಕಾನಾರಿಂ ಭಾಷೆ’ ಎಂದಿದೆ. ಅದನ್ನು ಕಂಡು ಕನ್ನಡದ ವ್ಯಾಕರಣವೆಂದು ಹಿಗ್ಗಿದವರುಂಟು. ಅದು ಕೊಂಕಣಿಯ ವ್ಯಾಕರಣ. ಕರಾವಳಿಯ ಮಾತನ್ನೆಲ್ಲ ಪೋರ್ಚುಗೀಸರು ಹಾಗೆ ಕರೆದರು. ಕನ್ನಡಕ್ಕೆ ಅಂಥ ಕೆಲಸ ಮಾಡಿದವನು ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ. ಕಂಠೀರವ ನರಸರಾಜರು ಆಳುತ್ತಿದ್ದಾಗ, 1640ರ ದಶಕದ ಕೊನೆಗೆ, ಅವನು ಶ್ರೀರಂಗಪಟ್ಟಣಕ್ಕೆ ಬಂದ. ಕನ್ನಡದಲ್ಲಿ ವ್ಯಾಕರಣ, ಕೋಶ, ಜ್ಞಾನೋಪದೇಶದ ಗ್ರಂಥ ಎಲ್ಲವನ್ನೂ ಬರೆದ. ಒಂದೂ ಅಚ್ಚಾಗಲಿಲ್ಲ. ಕಿಟೆಲರ ನಿಘಂಟಿಗೆ ಎರಡು ಶತಮಾನಕ್ಕೂ ಮೊದಲಿನ ಆ ಕೆಲಸ ಅಚ್ಚಿನ ಬೆಳಕು ಕಾಣಲಿಲ್ಲವೆಂದು ನೆನೆದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಚ್ಚಾಗಲಿಲ್ಲವೆಂಬುದು ಒಂದು ಆಕಸ್ಮಿಕವೂ ಅಲ್ಲ. ಆ ಕಾಲದ ಕಥೋಲಿಕ ಬೋಧನೆಗೆ ಪುಸ್ತಕದ ತುರ್ತು ಇರಲಿಲ್ಲ. ಇದನ್ನು ಬಳ್ಳಾರಿಯೊಡನೆ ಹೋಲಿಸಿ ನೋಡಬಹುದು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವನೇ ಬೈಬಲ್ಲನ್ನು ಕನ್ನಡಕ್ಕೆ ತರಲು ಕುಳಿತ, ಶಾಲೆ ತೆರೆದ. ಪ್ರಾಟೆಸ್ಟಂಟರಿಗೆ ಭಕ್ತನೆಂದರೆ ಓದುವವನು. ಪ್ರತಿಯೊಬ್ಬನ ಕೈಗೂ ಗ್ರಂಥ ಸೇರಬೇಕು, ಆದ್ದರಿಂದ ಶಾಲೆ ಬೇಕು. ಕಥೋಲಿಕರಿಗೆ ಭಕ್ತನೆಂದರೆ ಕೂಡಿ ಹಾಡುವವನು, ಕೂಡಿ ಮಂಡಿಯೂರುವವನು. ಅವನ ಬಾಯಲ್ಲಿ ಜಪವಿದ್ದರೆ ಸಾಕು. ಒಬ್ಬರು ಕೈಗೆ ಪುಸ್ತಕ ಕೊಟ್ಟರು, ಇನ್ನೊಬ್ಬರು ಬಾಯಿಗೆ ಮಂತ್ರ ಕೊಟ್ಟರು. ಸಾಹಿತ್ಯ ಚರಿತ್ರೆಯನ್ನು ಬರೆಯುವವರಿಗೆ ಕೈಯ ಪುಸ್ತಕ ಸಿಕ್ಕುತ್ತದೆ, ಬಾಯಿಯ ಮಂತ್ರ ಸಿಕ್ಕುವುದಿಲ್ಲ. ಮಂಗಳೂರು ಬಳ್ಳಾರಿಗಳ ಪ್ರಾಟೆಸ್ಟಂಟ್ ಮಿಶನರಿಗಳಿಗೆ ನಮ್ಮ ಚರಿತ್ರೆಗಳಲ್ಲಿ ಅಧ್ಯಾಯಗಳಿದ್ದು ಕಥೋಲಿಕರಿಗೆ ಒಂದೆರಡು ಸಾಲುಗಳಷ್ಟೇ ದೊರೆತದ್ದು ಹೀಗೆ.

ಆದರೆ ಬಾಯಿಯ ಮಂತ್ರವನ್ನು ಕಾಯ್ದುಕೊಂಡು ಬರುವುದಕ್ಕೂ ಒಬ್ಬ ಬೇಕಷ್ಟೆ? ಪಾದ್ರಿ ಒಬ್ಬ, ಅವನ ವ್ಯಾಪ್ತಿ ದಿನಗಟ್ಟಲೆ ಎತ್ತಿನ ಗಾಡಿಯ ದಾರಿ. ದೂರದ ಊರಿಗೆ ಅವನು ಬರುವುದು ವರ್ಷಕ್ಕೆ ಕೆಲವೇ ಸಲ. ಬಂದಾಗ ಪೂಜೆ, ಮದುವೆ, ನಾಮಕರಣ ಎಲ್ಲವೂ ಒಟ್ಟಿಗೆ. ಉಳಿದ ದಿನಗಳಲ್ಲಿ ಊರಿನ ಗುಡಿಗೆ ಎಣ್ಣೆ ಹಾಕುವವನು, ಸತ್ತವರ ಮುಂದೆ ಜಪಮಾಲೆ ಹೇಳುವವನು, ಸಾಯುವ ಮಗುವಿಗೆ ಜ್ಞಾನಸ್ನಾನ ಕೊಡುವವನು ಉಪದೇಶಿ. ಮಕ್ಕಳನ್ನು ಕೂಡಿಸಿ ಜ್ಞಾನೋಪದೇಶದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುವವನೂ ಅವನೇ. ಎಲ್ಲಿ ಅವನಿಗೆ ನಾಲ್ಕಕ್ಷರ ಬರುತ್ತಿತ್ತೋ ಅಲ್ಲಿ ಬಾಯಿಪಾಠದ ಬೆನ್ನಿಗೆ ಬಳಪವೂ ಬಂದಿತು. ಶಾಲೆಯೆಂದು ಯಾರೂ ಶಂಕುಸ್ಥಾಪನೆ ಮಾಡಲಿಲ್ಲ. ಜಪ ಕಲಿಸುವ ಮಾಡಿನೊಳಗೆ ಶಾಲೆ ತಾನಾಗಿ ಮೊಳೆಯಿತು.

ಅವನ ಬೆಲೆ ಗೊತ್ತಾಗುವುದು ಪಾದ್ರಿಯೇ ಇಲ್ಲವಾದಾಗ. ಪೋರ್ಚುಗಲ್ಲು 1759ರಲ್ಲಿ ಜೆಸ್ವಿಟರನ್ನು ಹೊರಗಟ್ಟಿತು. ಪೋಪರು 1773ರಲ್ಲಿ ಆ ಸಭೆಯನ್ನೇ ವಿಸರ್ಜಿಸಿದರು. ಯೂರೋಪಿನ ಅರಮನೆಗಳ ಈ ಜಗಳದ ಫಲವಾಗಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಪೂಜೆ ನಿಂತಿತು. ಕೆಲವು ಕಡೆ ಒಂದು ತಲೆಮಾರು ಪಾದ್ರಿಯ ಮುಖವನ್ನೇ ಕಾಣದೆ ಬೆಳೆದಿರಬೇಕು. ಆದರೂ ಸಮುದಾಯಗಳು ಕರಗಿಹೋಗಲಿಲ್ಲ. ಮೈಸೂರು ಸೀಮೆಯಲ್ಲಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಬಂದಾಗ, ಒಟ್ಟುಗೂಡಿಸುವುದಕ್ಕೆ ಜನ ಇದ್ದರು; ಅವರ ಬಾಯಲ್ಲಿ ಜಪವೂ ಇತ್ತು. ದುಬಾಯ್ ನಮ್ಮವರಂತೆ ಉಡುಪು ತೊಟ್ಟು, ನಮ್ಮವರಂತೆ ಉಂಡು, ನಮ್ಮ ಆಚಾರಗಳನ್ನು ಕುರಿತು ಜಗತ್ತೆಲ್ಲ ಓದಿದ ಗ್ರಂಥ ಬರೆದವನು. 1823ರಲ್ಲಿ ಅವನು ಈ ದೇಶ ಬಿಟ್ಟು ಹೋದ. ಇಲ್ಲಿ ಕ್ರೈಸ್ತ ಧರ್ಮ ಬೇರೂರುವ ಕಾಲ ಮೀರಿತೆಂಬ ನಿರಾಶೆ ಅವನ ಪತ್ರಗಳಲ್ಲಿ ತುಂಬಿದೆ. ಕ್ಯಾಂಪ್‌ಬೆಲ್ಲನ ವರದಿ ಬಂದದ್ದೂ ಅದೇ ವರ್ಷ. ಒಬ್ಬ ಪಾದ್ರಿ ನಿರಾಶನಾಗಿ ಹಡಗು ಹತ್ತುತ್ತಿದ್ದಾಗ ಒಬ್ಬ ಕಲೆಕ್ಟರ್ ಮರಳಿನ ಮೇಲೆ ಅಕ್ಷರ ತಿದ್ದುವ ಮಕ್ಕಳನ್ನು ಎಣಿಸುತ್ತಿದ್ದ.

ಪುದುಚೇರಿಯಲ್ಲಿ 1844ರಲ್ಲಿ ಕಥೋಲಿಕ ಧರ್ಮಸಭೆ ಸೇರಿ, ಊರೂರಿನಲ್ಲಿ ಶಾಲೆ ಆಗಬೇಕು, ಈ ದೇಶದವರೇ ಪಾದ್ರಿಗಳಾಗಬೇಕು ಎಂದು ಒತ್ತಿ ಹೇಳಿತು. ಅಲ್ಲಿಂದ ಮುಂದೆ ಶಾಲೆ ಜಪದ ಮಾಡಿನಿಂದ ಹೊರಬಂದು ತನ್ನದೇ ಕಟ್ಟಡ ಹುಡುಕತೊಡಗಿತು. ಬೆಂಗಳೂರಿನಲ್ಲಿ ಬಿಷಪ್ ಶಾರ್ಬೊನೊ ಅವರ ಕಾಲದಲ್ಲಿ ಮಿಶನ್ನಿನ ಅಚ್ಚುಕೂಟದಿಂದ 1855ರಲ್ಲಿ ಕನ್ನಡ-ಲ್ಯಾಟಿನ್ ಕೋಶವೂ 1861ರಲ್ಲಿ ಲ್ಯಾಟಿನ್-ಕನ್ನಡ ಕೋಶವೂ ಹೊರಬಂದವು. ವಿದ್ವತ್ತಿನ ದೃಷ್ಟಿಯಿಂದ ಆದರಣೀಯವಾದ ಕೆಲಸ. ಆದರೆ ಅದು ಪಾದ್ರಿ ಕನ್ನಡ ಕಲಿಯುವುದಕ್ಕೆ ಆದ ಪುಸ್ತಕ. ಮಗು ಕನ್ನಡ ಕಲಿಯುವುದಕ್ಕೆ ಆದದ್ದಲ್ಲ. 1854ರ ವುಡ್ ಶಾಸನದಿಂದ ಸರಕಾರದ ಸಹಾಯಧನ ಬಂದ ಮೇಲೆ, ಆ ಹಣ ಮೊದಲು ಹರಿದದ್ದು ಪಟ್ಟಣದ ದೊಡ್ಡ ಶಾಲೆಗಳಿಗೆ. ಮಂಗಳೂರಿನಲ್ಲಿ 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸನ್ಯಾಸಿನಿಯರೂ, 1880ರಲ್ಲಿ ಜೆಸ್ವಿಟರ ಸೇಂಟ್ ಅಲೋಶಿಯಸ್ ಕಾಲೇಜೂ ನೆಲೆಗೊಂಡರು. ಗುರಿ ಇಂಗ್ಲಿಷ್ ವಿದ್ಯೆ, ಗುಮಾಸ್ತಿಕೆ, ವಕೀಲಿಕೆ, ವೈದ್ಯಕೀಯ. ಹಳ್ಳಿಯ ಕನ್ನಡ ಶಾಲೆ ಮತ್ತೆ ಉಪದೇಶಿಯ ಪಾಲಿಗೇ ಉಳಿಯಿತು.

ಈ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಪ್ರಸಂಗ 1921ರದು. ಮಂಗಳೂರಿನ ಬೆಂದೂರಿನಲ್ಲಿ ರೇಮಂಡ್ ಫ್ರಾನ್ಸಿಸ್ ಕಮಿಲಸ್ ಮಸ್ಕರೇನಸ್ ಎಂಬವರು ಗುರುಗಳಾಗಿದ್ದರು. ಹಳ್ಳಿಗಳ ದೇಶಭಾಷಾ ಶಾಲೆಗಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಕಲಿಸುವ ಸನ್ಯಾಸಿನಿಯರು ಸಿಕ್ಕುತ್ತಿಲ್ಲವೆಂಬ ಕೊರತೆ ಅವರನ್ನು ಕಾಡುತ್ತಿತ್ತು. ಆಗಿದ್ದ ಸಭೆಗಳು ಇಂಗ್ಲಿಷ್ ಶಾಲೆಯ ಕೆಲಸಕ್ಕೆ ಒಗ್ಗಿದವು. ಆ ಊರಿನ ನಾಲ್ಕು ಮಂದಿ ಶಾಲಾಶಿಕ್ಷಕಿಯರು ಸನ್ಯಾಸಕ್ಕೆ ಮುಂದೆ ಬಂದರು. ಅವರನ್ನು ಕೂಡಿಸಿಕೊಂಡು ಆ ವರ್ಷದ ಜುಲೈ 16ರಂದು ಬೆಥನಿ ಸಭೆ ಹುಟ್ಟಿತು. ಸನ್ಯಾಸಿನಿಯರು ಶಾಲೆ ಕಟ್ಟುವುದನ್ನು ಎಲ್ಲೆಲ್ಲಿಯೂ ಕಂಡಿದ್ದೇವೆ. ಇಲ್ಲಿ ಶಾಲೆಯೇ ಸನ್ಯಾಸಿನಿಯರನ್ನು ಕಟ್ಟಿತು. ಬಳ್ಳಾರಿಯ ಲೆಕ್ಕದಲ್ಲಿ ಅರವತ್ತೇ ಹೆಣ್ಣುಮಕ್ಕಳಿದ್ದ ಕಾಲದಿಂದ ಇಲ್ಲಿಗೆ ಸರಿಯಾಗಿ ತೊಂಬತ್ತೆಂಟು ವರ್ಷ. ಉಪದೇಶಿಯ ಬಳಪ ಈಗ ಹೆಂಗಸಿನ ಕೈಗೆ ಬಂದಿತ್ತು. ಮನೆಯಲ್ಲಿ ಕೊಂಕಣಿ, ಬಯಲಿನಲ್ಲಿ ತುಳು, ಗುಡಿಯ ಪೂಜೆಯಲ್ಲಿ ಲ್ಯಾಟಿನ್. ಈ ಮೂರರ ನಡುವೆ ಮಗು ಓದಲು ಬರೆಯಲು ಕಲಿತದ್ದು ಕನ್ನಡವನ್ನು. ಕರಾವಳಿಯ ಕಥೋಲಿಕರಿಗೆ ಕನ್ನಡವನ್ನು ಕೊಟ್ಟದ್ದು ಪೂಜಾಪೀಠವಲ್ಲ, ಶಾಲೆಯ ಬೆಂಚು.

ಕರಾವಳಿಯಿಂದ ನಮ್ಮ ಸೀಮೆಗೆ ಮರಳುವುದಕ್ಕೆ ಪಂಜೆ ಮಂಗೇಶರಾಯರ ಕೈಹಿಡಿಯುತ್ತೇನೆ. ದಕ್ಷಿಣ ಕನ್ನಡದಲ್ಲಿ ಶಾಲಾ ತನಿಖಾಧಿಕಾರಿಯಾಗಿ ಹಳ್ಳಿಯ ಶಾಲೆಗಳನ್ನು ತಿರುಗಿದವರು, ಮಕ್ಕಳ ಪಾಠಕ್ಕೆ ಜೀವ ತುಂಬಿದವರು. 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದಾಗ ಅಧ್ಯಕ್ಷಪೀಠಕ್ಕೆ ಬಂದವರು ಅವರು. ಮೂರು ವರ್ಷದ ಮೇಲೆ ಅವರು ದೇಹಬಿಟ್ಟದ್ದೂ ನಿಜಾಮರ ರಾಜಧಾನಿ ಹೈದರಾಬಾದಿನಲ್ಲಿ. ಮಕ್ಕಳ ಕನ್ನಡಕ್ಕಾಗಿ ಬದುಕಿದ ಆ ಹಿರಿಯರು ರಾಯಚೂರಿನಲ್ಲಿ ಕಂಡ ಸ್ಥಿತಿ ಕರಾವಳಿಗೆ ತೀರ ಬೇರೆ. ಇಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದು. ಕೊಪ್ಪಳ ಯಲಬುರ್ಗಾಗಳು ಸಾಲಾರಜಂಗರ ಜಹಗೀರು. ಖಾಸಗಿ ಶಾಲೆ ತೆರೆಯುವುದಕ್ಕೂ ಅಪ್ಪಣೆ ಬೇಕು, ಸಭೆ ಸೇರುವುದಕ್ಕೂ ಅಪ್ಪಣೆ ಬೇಕು. ಅದರ ನಡುವೆಯೇ ಯಲ್ಬುರ್ಗಿಯ ಕುಕನೂರಿನಲ್ಲಿ 1922ರಲ್ಲಿ ವಿದ್ಯಾನಂದ ಗುರುಕುಲ ತಲೆಯೆತ್ತಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ ಅದಕ್ಕೂ ಎರಡು ವರ್ಷ ಹಿರಿದು. ಯಲಬುರ್ಗಾ ತಾಲೂಕಿನ ದ್ಯಾಂಪುರದ ಸಿದ್ದಯ್ಯ ಪುರಾಣಿಕರು ಉರ್ದುವನ್ನು ಓದಿ ಅದನ್ನು ಒಲಿದು, ಕನ್ನಡದ ಕವಿಯಾಗಿಯೇ ಉಳಿದರು. ಅಂಥ ಮೇಧಾವಿಗಳ ಮಾತು ಬೇರೆ. ಸಾಮಾನ್ಯ ಹುಡುಗನಿಗೆ ಮನೆಯ ಮಾತು ಒಂದು, ಪಾಟಿಯ ಮಾತು ಇನ್ನೊಂದು ಆದಾಗ ಅವನು ಪಾಟಿಯನ್ನೇ ಬಿಟ್ಟು ಎತ್ತಿನ ಹಗ್ಗ ಹಿಡಿದ.

ಇಂಥ ಸೀಮೆಯಲ್ಲಿ ಮಠದ ಶಾಲೆಗೂ ಪಾದ್ರಿಯ ಶಾಲೆಗೂ ಒಂದು ಸಾಮ್ಯವಿತ್ತು. ಎರಡೂ ಧರ್ಮದ ನೆರಳಿನಲ್ಲಿ ನಿಂತು ಊರಿನ ಮಾತನ್ನು ಕಾಯ್ದವು. ವ್ಯತ್ಯಾಸವೂ ಇತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಐಗಳ ಜಗಲಿಯ ಮೇಲೆ ಹೊಲಗೇರಿಯ ಹುಡುಗ ಕೂರುವಂತಿರಲಿಲ್ಲ. ಮಿಶನ್ನಿನ ಶಾಲೆಗೆ ಅವನು ಬಂದ. ಬಂದವನು ಅಕ್ಷರಕ್ಕಾಗಿ ಬಂದನೋ, ಗೋದಿಗಾಗಿ ಬಂದನೋ, ದೇವರಿಗಾಗಿ ಬಂದನೋ ಎಂಬ ವಾದ ಹಳೆಯದು, ಇನ್ನೂ ಮುಗಿದಿಲ್ಲ. ನನಗೆ ತೋರುವ ಮಟ್ಟಿಗೆ, ಜಗಲಿಯನ್ನು ಮೊದಲೇ ಅವನಿಗೆ ಬಿಟ್ಟುಕೊಟ್ಟಿದ್ದವರಿಗೆ ಮಾತ್ರ ಆ ಪ್ರಶ್ನೆ ಕೇಳುವ ಹಕ್ಕಿತ್ತು. ಹಾಗೆಂದು ಜಾತಿ ಇಗರ್ಜಿಯ ಬಾಗಿಲಲ್ಲೇ ಚಪ್ಪಲಿಯಂತೆ ಉಳಿಯಿತೆಂದು ಹೇಳಲಾರೆ. ಅದು ಒಳಕ್ಕೂ ಹೋಯಿತು, ಬೆಂಚಿನ ಮೇಲೂ ಕುಳಿತಿತು.

ಹೈದರಾಬಾದು ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿತು. 1956ರಲ್ಲಿ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ನಡುವೆ 1949ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳ ಕೈಯಲ್ಲಿದ್ದ ಬಳ್ಳಾರಿ ಮಿಶನ್ನು ಧರ್ಮಪ್ರಾಂತ್ಯವಾಯಿತು. ಇಂದು ಬಳ್ಳಾರಿ, ರಾಯಚೂರು, ಕೊಪ್ಪಳದ ಕಥೋಲಿಕರೆಲ್ಲ ಅದರ ಆಡಳಿತಕ್ಕೆ ಸೇರಿದವರು. ತುಂಗಭದ್ರೆಗೆ ಅಣೆಕಟ್ಟು ಬಿದ್ದು 1950ರ ದಶಕದಲ್ಲಿ ಕಾಲುವೆಯ ನೀರು ಬಂದಾಗ ಗಂಗಾವತಿಯ ಎರೆಭೂಮಿ ಬತ್ತದ ಗದ್ದೆಯಾಯಿತು. ಆಂಧ್ರದಿಂದ ಬಂದ ರೈತರ ‘ಕ್ಯಾಂಪು’ಗಳು ಎದ್ದವು. ಜೊತೆಗೆ ತೆಲುಗು ಬಂತು. ಈ ಕಡೆ ಶಾಲೆ ನಡೆಸುವವರಿಗೆ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಯಿತು: ಜಪ ಯಾವ ಮಾತಿನಲ್ಲಿ, ಪಾಠ ಯಾವ ಮಾತಿನಲ್ಲಿ?

ಜಪದ ಪ್ರಶ್ನೆಗೆ ಉತ್ತರ ರೋಮಿನಿಂದ ಬಂತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಪೂಜಾವಿಧಿಯನ್ನು ಕುರಿತ ಶಾಸನವನ್ನು ಹೊರಡಿಸಿ, ಪೂಜೆಯಲ್ಲಿ ದೇಶಭಾಷೆಗೆ ಎಡೆ ಮಾಡಿಕೊಟ್ಟಿತು. ಪಾದ್ರಿ ಜನರ ಕಡೆ ಮುಖ ತಿರುಗಿಸಿ ಕನ್ನಡದಲ್ಲಿ ಪೂಜೆ ಹೇಳಿದ. ಮುದುಕರು ಕೆಲವರು ಲ್ಯಾಟಿನ್ನಿನ ಗಾಂಭೀರ್ಯ ಹೋಯಿತೆಂದು ಮರುಗಿದರು. ತಿಳಿಯದ ಮಾತಿಗೆ ಇರುವ ಮಹಿಮೆಯನ್ನು ನಮ್ಮ ಸಂಸ್ಕೃತದವರೂ ಬಲ್ಲರು. ಆದರೆ ಯೋಚಿಸಿ ನೋಡಿದರೆ, ರೋಮ್ 1963ರಲ್ಲಿ ಒಪ್ಪಿದ ಮಾತನ್ನು ಉಪದೇಶಿ ಮೂರು ಶತಮಾನಗಳಿಂದ ಯಾರ ಅಪ್ಪಣೆಯನ್ನೂ ಕೇಳದೆ ನಡೆಸಿಕೊಂಡು ಬಂದಿದ್ದ. ಬೆಂಗಳೂರಿನಂಥ ಊರುಗಳಲ್ಲಿ ಲ್ಯಾಟಿನ್ ಬಿಟ್ಟುಹೋದ ಜಾಗಕ್ಕೆ ಯಾವ ಭಾಷೆ ಬರಬೇಕೆಂದು ಕನ್ನಡ ತಮಿಳರ ನಡುವೆ ದಶಕಗಳ ಜಗಳವೂ ನಡೆಯಿತು. ನಮ್ಮ ತಾಲೂಕುಗಳಿಗೆ ಆ ಕಾವು ಅಷ್ಟಾಗಿ ತಟ್ಟಲಿಲ್ಲ.

ಪಾಠದ ಪ್ರಶ್ನೆಗೆ ಬಂದ ಉತ್ತರವೇ ಈಗ ನಮ್ಮ ಕಣ್ಣ ಮುಂದಿರುವುದು. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿತು. 28ನೆಯ ವಿಧಿ, ಸರಕಾರದ ಹಣ ಪಡೆಯುವ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಯಾವ ಮಗುವಿಗೂ ಧರ್ಮಬೋಧೆ ಕೂಡದೆಂದಿತು. ಹೀಗಾಗಿ ಜಪವೂ ಪಾಠವೂ ಬೇರೆ ಬೇರೆ ಗಂಟೆಗಳಾದವು. ಕಥೋಲಿಕ ಮಕ್ಕಳು ಜ್ಞಾನೋಪದೇಶಕ್ಕೆ ಹೋದರೆ ಉಳಿದವರು ನೀತಿಪಾಠಕ್ಕೆ. ಉಳಿದವರೇ ಹೆಚ್ಚು, ಲಿಂಗಾಯತರ ಮಕ್ಕಳು, ಮುಸಲ್ಮಾನರ ಮಕ್ಕಳು, ಕುರುಬರ, ನಾಯಕರ ಮಕ್ಕಳು. ಅವರ ಪಾಲಕರಿಗೆ ಬೇಕಾದುದು ಪಾದ್ರಿಯ ದೇವರಲ್ಲ, ಶಿಸ್ತು ಮತ್ತು ಇಂಗ್ಲಿಷ್. ಊರಿನ ಮಾತನ್ನು ಹಿಡಿದು ಊರಿಗೆ ಬಂದ ಶಾಲೆಯನ್ನು ಊರೇ ಬೇರೆ ಮಾತಿಗೆ ಎಳೆಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಕಡ್ಡಾಯ ಮಾಡಲು ಕರ್ನಾಟಕ ಸರಕಾರ 1994ರಲ್ಲಿ ಹೊರಡಿಸಿದ ಆಜ್ಞೆ ನ್ಯಾಯಾಲಯಗಳನ್ನು ಸುತ್ತಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಿದ್ದುಹೋಯಿತು. ಮಗುವಿನ ಮಾಧ್ಯಮವನ್ನು ಆರಿಸುವುದು ಪಾಲಕರ ಹಕ್ಕೆಂದು ನ್ಯಾಯಾಲಯ ಹೇಳಿತು. ಗೋವೆಯ ವೈಸರಾಯನ ಆಜ್ಞೆಗೂ ಇದಕ್ಕೂ ಉದ್ದೇಶದಲ್ಲಿ ಅಜಗಜಾಂತರ. ಆದರೆ ಮಾತನ್ನು ಆಜ್ಞೆಯಿಂದ ಬಿಡಿಸುವುದು ಹೇಗೆ ಕಷ್ಟವೋ ಉಳಿಸುವುದೂ ಹಾಗೆಯೇ ಕಷ್ಟವೆಂದು ಕಂಡಿತು.

ಪಾಲಕರನ್ನು ಹಳಿಯಲು ನನಗೆ ಮನಸ್ಸಾಗದು. 2011ರ ಜನಗಣತಿಯಲ್ಲಿಯೂ ಕೊಪ್ಪಳ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 68, ರಾಜ್ಯದ್ದು 75. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾ ಎರಡೂ ಇದ್ದವು. ಇಂಥಲ್ಲಿ ಒಬ್ಬ ತಾಯಿ ತನ್ನ ಮಗುವಿನ ಕೊರಳಿಗೆ ಟೈ ಕಟ್ಟಿ ‘ಕಾನ್ವೆಂಟಿಗೆ ಹಾಕೀವ್ರಿ’ ಎಂದರೆ ಅವಳ ದನಿಯಲ್ಲಿರುವುದು ಡೌಲಲ್ಲ, ಅವಸರ.

ನನ್ನ ಅಳಲು ಬೇರೆ. ಕನ್ನಡ-ಲ್ಯಾಟಿನ್ ಕೋಶ ಗ್ರಂಥಾಲಯಗಳಲ್ಲಿ ಉಳಿಯಿತು, ಬಿಷಪ್ಪರ ಪತ್ರಗಳು ರೋಮಿನಲ್ಲಿ ಉಳಿದವು, ಕಲೆಕ್ಟರನ ವರದಿ ಮದರಾಸಿನ ದಫ್ತರದಲ್ಲಿ ಉಳಿಯಿತು. ಉಪದೇಶಿಯದು ಏನು ಉಳಿದಿದೆ? ಅವನ ಹೆಸರನ್ನು ಯಾವ ಗ್ಯಾಸೆಟಿಯರೂ ಬರೆದುಕೊಳ್ಳಲಿಲ್ಲ. ಅವನ ಸಂಬಳಕ್ಕೆ ನಮ್ಮ ಕಡೆ ‘ಪಗಾರ’ ಎನ್ನುತ್ತೇವೆ. ಅದು ಪೋರ್ಚುಗೀಸರಿಂದ ಮರಾಠಿಯ ಮೂಲಕ ಬಂದ ಮಾತು. ಶಾಲೆಯ ಚಾವಿಯೂ ಅಲಮಾರಿಯೂ ಆ ಭಾಷೆಯಿಂದಲೇ ಬಂದವು. ಆ ಅಲಮಾರಿಯೊಳಗೆ, ಹಳೆಯ ಶಾಲೆಗಳಲ್ಲಿ, ಒಂದು ದಾಖಲಾತಿ ಪುಸ್ತಕ ಇರುತ್ತದೆ. ಮಗುವಿನ ಹೆಸರು, ತಂದೆಯ ಕಸುಬು, ಜಾತಿ, ಮನೆಯ ಮಾತು, ಶಾಲೆ ಬಿಟ್ಟ ಕಾರಣ, ಎಲ್ಲಕ್ಕೂ ಅದರಲ್ಲಿ ಒಂದೊಂದು ಅಂಕಣ. ಕೊನೆಯ ಅಂಕಣದಲ್ಲಿ ‘ದನ ಕಾಯಲು’, ‘ಸುಗ್ಗಿಗೆ ಹೋದನು’, ‘ಲಗ್ನವಾಯಿತು’ ಎಂಬಂಥ ಎರಡೇ ಮಾತಿನಲ್ಲಿ ಒಂದೊಂದು ಬದುಕು. ಯಾವ ಧರ್ಮದವರ ಶಾಲೆಯೇ ಆಗಲಿ, ಮುದಗಲ್ಲಿನದಾಗಲಿ ಕುಕನೂರಿನದಾಗಲಿ ಬಳ್ಳಾರಿಯದಾಗಲಿ, ಅಂಥ ಪುಸ್ತಕ ಕಂಡವರು ಗೆದ್ದಲಿಗೆ ಬಿಡದೆ ಒಂದು ಪ್ರತಿ ಮಾಡಿಸಿ ಇಟ್ಟರೆ, ಮುಂದೆ ಈ ವಿಷಯವಾಗಿ ಮಾತನಾಡುವವರಿಗೆ ನನ್ನಂತೆ ಕಲೆಕ್ಟರನ ಕಾಗದವನ್ನೇ ಆಶ್ರಯಿಸಬೇಕಾದ ಪ್ರಮೇಯ ಬರಲಾರದು.